ಒಂದೇ ದಿನ ಹುಟ್ಟಿದ ಅಕ್ಕ ತಮ್ಮ

ಆ ಕೇಸಿನ ಮಾತು ಬಂದಾಗಲೆಲ್ಲ ಶಿಡ್ಲಘಟ್ಟದ ನಮ್ಮ ವಕೀಲ ಮಿತ್ರರು ಹೇಳುವುದು ಒಂದೇ: "ಹೆತ್ತ ತಾಯೀನೇ ಕೋರ್ಟಲ್ಲಿ ಸುಳ್ಳು ಹೇಳಿದ್ಲು, ಇನ್ನೇನ್ ಮಾಡಕ್ಕಾಗುತ್ತೆ?" ಆಕೆ ಹೇಳಿದ ಸುಳ್ಳು ಯಾವುದು, ಒಂದು ವಾಕ್ಯ ತೋರಿಸಿ ಎಂದರೆ ಯಾರೂ ತೋರಿಸುವುದಿಲ್ಲ. ತೋರಿಸಲಾರರು. ಅಂದು ಪ್ರಶ್ನೆ ಕೇಳಿದವನು ನಾನು.

1992. ನಾನು ಸನ್ನದು ಪಡೆದು ಎರಡನೇ ವರ್ಷದ ಜೂನಿಯರ್ ವಕೀಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಜಂಬ ಇನ್ನೂ ಇಳಿದಿರಲಿಲ್ಲ. ಜಂಗಮಕೋಟೆ ಕಡೆಯ ಮಂಜುಳಾ, ಗೌರಿಬಿದನೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ವೆಂಕಟೇಶನನ್ನು ಮದುವೆಯಾಗಿ ಮನೆ ಬಿಟ್ಟಿದ್ದಳು. ಅವಳ ಅಪ್ಪ ಬಚ್ಚಪ್ಪ ಅಪಹರಣದ ದೂರು ಕೊಟ್ಟ. ಹುಡುಗಿಯ ಪರ ವಕೀಲ ನಾನು. ಹುಡುಗಿಗೆ ಹದಿನೆಂಟು ತುಂಬಿದ್ದರೆ ಅವಳಿಷ್ಟ. ಇಲ್ಲದಿದ್ದರೆ ಅಪ್ಪನ ವಶಕ್ಕೆ.

"ಆ ಮನೆಗೆ ಮಾತ್ರ ಕಳಿಸ್ಬೇಡಿ ಸಾರ್. ನಮ್ಮಪ್ಪ ನನ್ನ ಉಳ್ಸಲ್ಲ," ಎಂದಳು ಮಂಜುಳಾ.

ಮೂಳೆಯ ಎಕ್ಸ್‌ರೇ ನೋಡಿದ ವೈದ್ಯರು ವಯಸ್ಸು ಹದಿನೇಳರಿಂದ ಹತ್ತೊಂಬತ್ತು ಎಂದು ಬರೆದರು. ಉಳಿದದ್ದು ಶಾಲೆಯ ದಾಖಲಾತಿ ರಿಜಿಸ್ಟರು. ಅದರ ಪ್ರಕಾರ ಹದಿನೇಳೂವರೆ. ಸರ್ಕಾರಿ ನೌಕರ ಕರ್ತವ್ಯದ ಮೇಲೆ ಬರೆದ ನಮೂದನ್ನು ಕೋರ್ಟು ಪರಿಗಣಿಸಬಹುದು ಎನ್ನುತ್ತದೆ ಸಾಕ್ಷ್ಯ ಅಧಿನಿಯಮದ ಮೂವತ್ತೈದನೇ ಕಲಂ. ಪರಿಗಣಿಸಬಹುದು ಎಂದರೆ ನಂಬಲೇಬೇಕು ಎಂದಲ್ಲ. ನನ್ನ ವಾದ ನಿಂತಿದ್ದು ಈ ವ್ಯತ್ಯಾಸದ ಮೇಲೆ.

ತಮ್ಮ ನಾಗರಾಜನನ್ನು ಎತ್ತಿಕೊಂಡಿರಲೆಂದು ಮಂಜುಳಾಳನ್ನು ಶಾಲೆಗೇ ಕಳಿಸಿರಲಿಲ್ಲ. ಅವನನ್ನು ಸೇರಿಸಲು ಹೋದ ದಿನ ಅವನು ಅಕ್ಕನ ಲಂಗ ಹಿಡಿದು ಅತ್ತ. ಮೇಷ್ಟ್ರು ಅವಳನ್ನೂ ಸೇರಿಸಿಕೊಂಡರು. ಹುಟ್ಟಿದ ದಿನ ಯಾರಿಗೆ ಗೊತ್ತು? ತಲೆಯ ಮೇಲಿಂದ ಬಲಗೈ ಹಾಯಿಸಿ ಎಡಕಿವಿ ಮುಟ್ಟಿದರೆ ಒಂದನೇ ಕ್ಲಾಸಿನ ವಯಸ್ಸು, ಅಷ್ಟೇ ಆಗಿನ ಲೆಕ್ಕ.

"ನನ್ ಕೈ ಸಲೀಸಾಗಿ ಮುಟ್ತು. ಅವನ್ದು ಮುಟ್ಲೇ ಇಲ್ಲ, ಮೇಷ್ಟ್ರೇ ಎಳ್ದು ಮುಟ್ಟಿಸಿದ್ರು," ಎಂದು ಮಂಜುಳಾ ಮೊದಲ ಸಲ ನಕ್ಕಳು. ಇಬ್ಬರಿಗೂ ಒಂದೇ ಜನ್ಮದಿನಾಂಕ ಬಿತ್ತು.

ಬರೆದ ಮೇಷ್ಟ್ರು ತೀರಿಕೊಂಡಿದ್ದರು. ಊರಿನವರ್ಯಾರೂ ಬಚ್ಚಪ್ಪನ ವಿರುದ್ಧ ಬರಲಿಲ್ಲ. ರಿಜಿಸ್ಟರಿನ ಆ ಎರಡು ಸಾಲು ಹಿಡಿದು ಬಚ್ಚಪ್ಪನನ್ನೇ ಕೇಳಿದೆ: "ಅಕ್ಕ ತಮ್ಮ ಒಂದೇ ದಿನ ಹುಟ್ಟಿದ್ರಾ?"

"ಅವಳಿ ಮಕ್ಕಳು ಸ್ವಾಮಿ."

"ಇಷ್ಟು ವರ್ಷ ಯಾರಿಗೂ ಹೇಳದ ಅವಳಿ?"

"ಯಾಕಪ್ಪಾ, ಬಾಣಂತನ ನೀವು ಮಾಡಿದ್ರಾ?"

ಕೋರ್ಟು ನಕ್ಕಿತು. ನಾನೂ ಬಿಡಲಿಲ್ಲ, ಹೆತ್ತವಳನ್ನೇ ಸಾಕ್ಷಿಗೆ ಕರೆಸಿದೆ.

ನಾರಾಯಣಮ್ಮ ಕಟಕಟೆಗೆ ಬಂದು ನಿಂತರು. ಬಾಗಿಲಲ್ಲಿ ಗಂಡ, ಅವನ ಪಕ್ಕ ಇನ್ನೂ ಮೀಸೆ ಚಿಗುರದ ನಾಗರಾಜ, ಈ ಕಡೆ ಮಗಳು. "ಅಮ್ಮಾ, ನಾಗರಾಜ ಹುಟ್ಟಿದಾಗ ಮಂಜುಳಾ ಎಲ್ಲಿದ್ಲು?" ಎಂದೆ. ಆಕೆಯ ಬಲಗೈ ನಿಧಾನವಾಗಿ ತಲೆಯವರೆಗೆ ಏರಿತು. ಹೇಳಿಯೇ ಬಿಡುತ್ತಾರೆ ಅಂದುಕೊಂಡೆ. ಸೆರಗನ್ನು ಕಿವಿ ಮುಚ್ಚುವಂತೆ ಎಳೆದುಕೊಂಡರು, ಅಷ್ಟೇ. ಮ್ಯಾಜಿಸ್ಟ್ರೇಟರು ಎರಡು ಸಲ ಎಚ್ಚರಿಸಿ, ಸಾಕ್ಷಿ ಮೌನವಾಗಿದ್ದಾರೆ ಎಂದು ಬರೆಸಿದರು. ರಿಜಿಸ್ಟರೇ ಉಳಿಯಿತು. ಮಂಜುಳಾ ಅಪ್ಪನ ಹಿಂದೆ ಹೋದಳು. ಮೆಟ್ಟಿಲಿಳಿಯುವಾಗ ತಿರುಗಿ ಒಮ್ಮೆ ನನ್ನನ್ನು ನೋಡಿದಳು.

ನಾರಾಯಣಮ್ಮ ಅವಳಿ ಎಂದು ಒಪ್ಪಿದ್ದರೆ ಸುಳ್ಳಾಗುತ್ತಿತ್ತು. ಆಕೆ ಒಪ್ಪಲಿಲ್ಲ. ಆ ಗಂಡನ ಕಣ್ಣೆದುರು ಆಕೆಯಿಂದ ಆದದ್ದು ಅಷ್ಟು ಎಂಬುದು ನನ್ನ ವಾದ. ಈಗಲೂ ಯಾವುದೇ ಸರ್ಕಾರಿ ದಾಖಲೆ ಕೈಗೆ ಬಂದರೆ, ಇದನ್ನು ಬರೆಸಿದವರು ಯಾರು, ಬರೆಸುವಾಗ ಎದುರಿಗೆ ಯಾರು ನಿಂತಿದ್ದರು ಎಂದು ಮೊದಲು ಕೇಳುತ್ತೇನೆ. ವೃತ್ತಿ ಕಲಿಸಿದ್ದು ಇದನ್ನೇ.

ರಿಜಿಸ್ಟರಿನ ಲೆಕ್ಕದಲ್ಲಿ ಹದಿನೆಂಟು ತುಂಬಿದ ದಿನ ವೆಂಕಟೇಶ ಆ ಊರಿಗೆ ಹೋದ. ಮನೆಗೆ ಬೀಗ. ಸಂಸಾರ ಮದನಪಲ್ಲಿ ಕಡೆ ಹೋಯಿತು ಎಂದರು ಕೆಲವರು. ಹೋಗುವಾಗ ಬಂಡಿಯಲ್ಲಿ ಮೂವರೇ ಇದ್ದರು ಎಂದರು ಇನ್ನು ಕೆಲವರು.

ಮೂರು ವರ್ಷದ ಮೇಲೆ ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ನಾರಾಯಣಮ್ಮ ಒಬ್ಬರೇ ಕೂತಿದ್ದರು. ನನ್ನ ಗುರುತು ಹಿಡಿದು, ಅಂದು ಕಟಕಟೆಯಲ್ಲಿ ಮಾಡಿದಂತೆಯೇ ಸೆರಗು ಎಳೆದುಕೊಂಡರು. ಅಕ್ಕಪಕ್ಕ ಬಚ್ಚಪ್ಪ ಇರಲಿಲ್ಲ. ಹತ್ತಿರ ಹೋಗಿ ಕೇಳಿದೆ:

"ಅಮ್ಮಾ, ಮಂಜುಳಾ ಎಲ್ಲಿದ್ದಾಳೆ?"