ಕ್ಯಾಪ್ಟನ್ನನ ಎಡೆ

ನಮ್ಮಪ್ಪ ವಿಠೋಬಾ ಬೆಟಗೇರಿಯ ನೇಕಾರ. ಎರಡನೇ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ ಸೇರಿ ಇಟಲಿಗೆ ಹೋದ, ಬದುಕಿ ಬಂದ, ಮತ್ತೆ ಮಗ್ಗಕ್ಕೆ ಕೂತ. ಅಲ್ಲಿಂದ ತಂದದ್ದು ಎರಡೇ: ಒಬ್ಬ ಜರ್ಮನ್ ಕ್ಯಾಪ್ಟನ್ನನ ಶಿಲುಬೆ ಆಕಾರದ ಪದಕ, ಅವನ ಸರ್ವಿಸ್ ಪುಸ್ತಕ.

ನಮ್ಮದು ಕುಣಿಮಗ್ಗ. ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನಿಗೆ ಬಂದವರ ಮುಖಕ್ಕಿಂತ ಮೊದಲು ಕಾಲು ಕಾಣುತ್ತವೆ. ನೇಯುತ್ತಿದ್ದ ಅಪ್ಪ ಥಟ್ಟನೆ ಲಾಳಿ ಬಿಟ್ಟು ಹೊಸ್ತಿಲು ನೋಡುತ್ತಿದ್ದ. "ಬೂಟು ಬಂದ್ವು" ಅನ್ನುತ್ತಿದ್ದ. ನಾನು ನೋಡಿದರೆ ಅಲ್ಲಿ ಬಿಸಿಲು ಬಿಟ್ಟು ಏನೂ ಇರುತ್ತಿರಲಿಲ್ಲ. ಈಗ ಅದೇ ಕುಣಿಯಲ್ಲಿ ಕೂರುವ ನನಗೆ ಎಪ್ಪತ್ತಮೂರು. ಸುಳ್ಳೇಕೆ ಹೇಳಲಿ, ಇವತ್ತಿಗೂ ಹೊಸ್ತಿಲ ಕಡೆ ನೋಡಲು ನನಗೆ ಹೆದರಿಕೆ.

ಸಾಯುವ ವರ್ಷ ಅಪ್ಪ ಬಾಯಿ ಬಿಟ್ಟ. "ಆ ಕ್ಯಾಪ್ಟನ್ ಕೈ ಎತ್ತಿ ನಿಂತಿದ್ದ, ಮನೋಹರಾ. ನಾ ಗುಂಡು ಹಾಕಿದ್ನಿ." ಯಾಕೆ ಎಂದು ಕೇಳಿದೆ. ಗೋಡೆಯ ಕಡೆ ಮಗ್ಗುಲಾದ.

ಯುದ್ಧದಿಂದ ಬಂದ ವರ್ಷದಿಂದಲೇ ಹಿರಿಯರ ಹಬ್ಬಕ್ಕೆ ನಮ್ಮ ಮನೆಯಲ್ಲಿ ಒಂದು ಎಡೆ ಹೆಚ್ಚು. ಅಜ್ಜ ಮುತ್ತಜ್ಜರ ಸಾಲಿನಲ್ಲೇ ಆ ಕ್ಯಾಪ್ಟನ್ನನಿಗೂ ಹೋಳಿಗೆ, ಎಣ್ಣೆಗಾಯಿ. ಜರ್ಮನ್ ಸಾಹೇಬನಿಗೆ ಬದನೆಕಾಯಿ ಸೇರುತ್ತದೋ ಇಲ್ಲವೋ ಎಂದು ನಾನು ಚೇಷ್ಟೆ ಮಾಡಿದರೆ ಅಪ್ಪ ಉಣ್ಣದೆ ಏಳುತ್ತಿದ್ದ. ಅಪ್ಪ ಹೋದ ಮೇಲೂ ನನ್ನ ಹೆಂಡತಿ ಬನಶಂಕರೆವ್ವ ಎಡೆ ತಪ್ಪಿಸಲಿಲ್ಲ. ಕೊಂದ ಮನೆಯವರು ನಾವು, ಉಣಿಸದಿದ್ದರೆ ಅವನು ಬಿಟ್ಟು ಹೋಗುವುದಿಲ್ಲ ಎಂದು ಅವಳ ನಂಬಿಕೆ. ನಗಬೇಡಿ, ನನ್ನದೂ ಅದೇ.

ಈ ವರ್ಷ ಮೊಮ್ಮಗಳು ಪ್ರಿಯಾ ಅವನ ಸರ್ವಿಸ್ ಪುಸ್ತಕದ ಫೋಟೋ ತೆಗೆದು ಜರ್ಮನಿಯ ಒಂದು ದಾಖಲೆ ಕಚೇರಿಗೆ ಕಳಿಸಿದ್ದಳು. ಸರಿಯಾಗಿ ಹಬ್ಬದ ದಿನವೇ ಉತ್ತರ ಬಂತು. ನಾವು ಎಲೆ ಹಾಸುತ್ತಿದ್ದಾಗ ಓದಿ ಹೇಳಿದಳು. ಮಾಸ್ತರರ ಮಗ, ಇಪ್ಪತ್ತಕ್ಕೇ ಸೈನ್ಯ ಸೇರಿದ. ಪೋಲೆಂಡ್, ಫ್ರಾನ್ಸ್. ರಷ್ಯಾದ ಹಿಮದಲ್ಲಿ ಎರಡು ಕಾಲ್ಬೆರಳು ಹೋದವು, ಪದಕ ಬಂತು. ಕ್ಯಾಪ್ಟನ್ ಆದ, ಇನ್ನೊಂದು ಪದಕ. ನನಗೆ ಒಂಥರಾ ಹೆಮ್ಮೆಯೇ ಆಯಿತು, ನಮ್ಮವನೇನೋ ಎಂಬಂತೆ. ಆಮೇಲೆ ಪ್ರಿಯಾಳ ದನಿ ಇಳಿಯಿತು. ಸಾಯುವ ಹಿಂದಿನ ದಿನ ಅವನ ಹುಕುಮಿನಂತೆ ಒಂದು ಹಳ್ಳಿಯ ನಲವತ್ತೊಂದು ಮಂದಿಯನ್ನು ಕಣದಲ್ಲಿ ನಿಲ್ಲಿಸಿ ಕೊಂದಿದ್ದರು. ಮರುದಿನ ಆ ಹಳ್ಳಿಗೆ ಮೊದಲು ಕಾಲಿಟ್ಟದ್ದು ಮರಾಠಾ ಪಲ್ಟನ್.

ಅಂದರೆ ಅಪ್ಪ ಆ ಹೆಣಗಳನ್ನು ನೋಡಿದ್ದ. ನೋಡಿಯೂ ಅವನಿಗೆ ಜೀವನವಿಡೀ ಉಣಿಸಿದ್ದ.

ನನಗೆ ಸಿಟ್ಟು ನೆತ್ತಿಗೇರಿತು. ಅವನ ಎಲೆ ತೆಗೆ ಅಂದೆ. ಹೆಂಡತಿ ತೆಗೆಯಲಿಲ್ಲ. ತೆಗೆದರೆ ಅವನು ಒಳಗೇ ಬಂದು ಕೂತಾನೆಂಬ ಭಯಕ್ಕೆ ನನ್ನ ಕೈಯೂ ಮುಂದೆ ಹೋಗಲಿಲ್ಲ. ಅವಳು ಪ್ರಿಯಾಳ ಕಡೆ ತಿರುಗಿ, ಸತ್ತವರಲ್ಲಿ ಎಲ್ಲರಿಗಿಂತ ಸಣ್ಣವರು ಯಾರು ಎಂದು ಕೇಳಿದಳು. ಏಳು ತಿಂಗಳ ಹೆಣ್ಣುಕೂಸು ಎಂದಳು ಪ್ರಿಯಾ.

"ಎಂಬತ್ತು ವರ್ಷ ಅವಗೊಬ್ಬಗs ನೀಡೇವಿ," ಅಂದಳು ಹೆಂಡತಿ. "ಈ ಮಂದೀನ ನಮ್ಮ ಮನ್ಯಾಗ ಯಾರೂ ಕರದಿಲ್ಲ ನೋಡ್ರಿ."

ಸಾಲಿನ ಮೊದಲಿಗೆ, ಮುತ್ತಜ್ಜನಿಗಿಂತ ಮುಂದೆ, ಹೊಸದೊಂದು ಎಲೆ ಹಾಸಿದಳು. ಹಲ್ಲು ಬಾರದ ಕೂಸಿಗೆ ಹೋಳಿಗೆ ಯಾಕೆಂದು ಬಟ್ಟಲಲ್ಲಿ ಹಾಲು ತಂದಳು. ಬೆರಳಿಟ್ಟು ನೋಡಿದಳು, ಬಿಸಿಯಿತ್ತು. ಆರುವವರೆಗೆ ಕಾದು ಇಟ್ಟಳು. ಆಮೇಲೆ ಕ್ಯಾಪ್ಟನ್ನನ ಖಾಲಿ ಎಲೆಯ ಮುಂದೆ ಹೋಗಿ ನಿಂತಳು.

"ಮೊದಲ ಕೂಸು ಉಣ್ಣಲಿ," ಅಂದಳು. "ಅಲ್ಲೀ ಮಟಾ ನೀ ಕಾಯಿ."