ಚಿಕ್ಕಪ್ಪನ ಬಡ್ಸ್ ಯಾವುದಕ್ಕೆ ಕನೆಕ್ಟ್ ಆಗಿತ್ತು?

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವತ್ತು ಸೋಮವಾರವೋ ಮಂಗಳವಾರವೋ, ಚಿಕ್ಕಮ್ಮ ಮಾಡಿದ್ದು ಅವಲಕ್ಕಿಯೋ ಉಪ್ಪಿಟ್ಟೋ, ಖಚಿತವಿಲ್ಲ. ದಿನಾ ಡೈರಿ ಬರೆಯುವವಳು ನಾನು. ಆದರೆ ಆ ಪುಟ ಬರೆದದ್ದು ಎರಡು ದಿನ ಬಿಟ್ಟು. ಅಷ್ಟರಲ್ಲಿ ನನ್ನ ನೆನಪು ನನಗೆ ಬೇಕಾದ ಹಾಗೆ ಎಷ್ಟು ತಿದ್ದಿಕೊಂಡಿತೋ!

ಒಂದಂತೂ ನಿಜ. ಡೊಂಬಿವಲಿಯ ಚಿಕ್ಕಪ್ಪನ ಮನೆಯಲ್ಲಿ ಅವತ್ತು ಇಯರ್‌ಬಡ್ಸ್ ಜೋಡಿಸುವ ಕಾರ್ಯಕ್ರಮವಿತ್ತು.

ಚಿಕ್ಕಪ್ಪನಿಗೆ ಎಪ್ಪತ್ತೆರಡು. ಕಿವಿ ಮಂದ. ಹಿಯರಿಂಗ್ ಏಯ್ಡ್ ಎಂದರೆ ಸಿಟ್ಟು. "ಅದು ಮುದುಕರು ಹಾಕುದು ಮಾರಾಯ್ತಿ." ಆದರೆ ಇಯರ್‌ಬಡ್ಸ್? ಲೋಕಲ್ ಟ್ರೇನಿನಲ್ಲಿ ಅದಿಲ್ಲದ ಕಿವಿ ಯಾವುದಿದೆ ಈಗ? ಫೋನಿನಲ್ಲಿ ಒಂದು ಸೆಟ್ಟಿಂಗ್ ಇದೆಯಂತೆ. ಆನ್ ಮಾಡಿ ಫೋನನ್ನು ಮಾತಾಡುವವರ ಮುಂದೆ ಇಟ್ಟರೆ, ಅದರ ಮೈಕ್ ಹಿಡಿದದ್ದೆಲ್ಲ ದೊಡ್ಡದಾಗಿ ಬಡ್ಸ್‌ಗೆ ಬರುತ್ತದೆ. ಇದನ್ನು ಓದಿದ್ದೇ ತಡ, ಘೋಡಬಂದರ್ ರಸ್ತೆಯ ಮಾಲ್‌ನಲ್ಲಿ ಒಂದು ಜೊತೆ ಕೊಂಡು ಡೊಂಬಿವಲಿಗೆ ಹೊರಟೆ.

ಯಾಕಷ್ಟು ಅವಸರ? ತಾಳಮದ್ದಳೆ.

ಚಿಕ್ಕಪ್ಪ ವಾರವಿಡೀ ಹೋಟೆಲಿನ ಗಲ್ಲೆಯಲ್ಲಿ ಕೂತು ಆಯುಷ್ಯ ಕಳೆದವರು. ಭಾನುವಾರ ಮಾತ್ರ ಅರ್ಥಧಾರಿ, ಪುರಾಣದ ಪಾತ್ರವಾಗಿ ಮಾತಾಡುವವರು. ಠಾಣೆಯ ಒಂದು ಹಾಲ್‌ನಲ್ಲಿ ಉಡುಪಿ ಕಡೆಯವರು ಸೇರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕೂತು ಮಾತಿನಲ್ಲೇ ಯುದ್ಧ. ಬರೆದಿಟ್ಟ ಸಂಭಾಷಣೆಯೂ ಇಲ್ಲ. ಎದುರಿನವರು ಎಸೆದ ಮಾತನ್ನು ಕೇಳಿ ಅಲ್ಲೇ ತಿರುಗಿಸಿ ಕೊಡಬೇಕು. ಕೇಳಿಸದಿದ್ದರೆ? ಹಿಂದಿನ ಭಾನುವಾರ ಎದುರಾಳಿ ಕೇಳಿದ್ದು ಕುಲದ ಬಗ್ಗೆ. ಚಿಕ್ಕಪ್ಪ ಉತ್ತರಿಸಿದ್ದು ಬಾಣದ ಬಗ್ಗೆ. ಹತ್ತು ನಿಮಿಷ, ತುಂಬ ಚೆನ್ನಾಗಿ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಅಲ್ಲೇ ಕೂತಿದ್ದೆ.

ಜೋಡಿಸುವ ಹೊಣೆ ಮೊಮ್ಮಗಳು ಸಾನಿಕಾಳದು. ಹತ್ತು ವರ್ಷದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ.

"ಅಜ್ಜಾ, ಬಟನ್ ದಬಾಕೆ ರಖೋ. ಛೋಡ್‌ನಾ ಮತ್!"

"ಎಷ್ಟೊತ್ತು ಒತ್ತುದು? ಲಿಫ್ಟ್ ಬರುವವರೆಗಾ?"

ಕೇಸ್‌ನ ದೀಪ ಮಿನುಗಿತು. ಚಿಕ್ಕಪ್ಪನ ಫೋನಿನ ಪರದೆಯ ಮೇಲೆ ಹೆಸರುಗಳ ಸಾಲು: ಯಾರದೋ ಸ್ಪೀಕರ್, ಯಾರದೋ ವಾಚ್, ಪಕ್ಕದ ಫ್ಲ್ಯಾಟಿನ ಟಿವಿ. (ಗೋಡೆಯಾಚೆಯವರ ಹೆಸರು ನಮಗೆ ಗೊತ್ತಿಲ್ಲ. ಅವರ ಟಿವಿಯ ಹೆಸರು ನಮ್ಮ ಫೋನಿಗೆ ಗೊತ್ತು!) ನಡುವೆ ಬಡ್ಸ್ ಸಾನಿಕಾಳ ಟ್ಯಾಬ್‌ಗೂ ಜೋಡಿಯಾಯಿತು. ಅವಳು ಮೊದಲು ತನ್ನ ಕಾರ್ಟೂನ್ ಹಚ್ಚಿ ಟೆಸ್ಟ್ ಮಾಡಿದಳು. ಆಮೇಲೆ ಫೋನಿನ ಸರದಿ.

ಚಿಕ್ಕಪ್ಪನನ್ನು ಒಳಕೋಣೆಗೆ ಕಳಿಸಿ, ಫೋನನ್ನು ಊಟದ ಮೇಜಿನ ಮೇಲಿಟ್ಟು, ನಾನು ಚಮಚದಿಂದ ಲೋಟಕ್ಕೆ ಮೆಲ್ಲಗೆ ತಟ್ಟಿದೆ.

"ಯಾರದು ಲೋಟ ಒಡೀಲಿಕ್ಕೆ ಹೊರಟದ್ದು?" ಒಳಗಿನಿಂದ ಬೊಬ್ಬೆ. ನಾವು ಚಪ್ಪಾಳೆ ತಟ್ಟಿದೆವು. ಚಿಕ್ಕಮ್ಮ ಕಣ್ಣೊರೆಸಿಕೊಂಡರು.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಸುಖಾಂತ್ಯ.

ಆದರೆ ಆ ಮನೆಯದೊಂದು ರೂಢಿ ಇದೆ. ಚಿಕ್ಕಪ್ಪನಿಗೆ ಹೇಳುವುದನ್ನೆಲ್ಲ ಕಿರುಚಿ ಹೇಳಬೇಕು. ಹೀಗಾಗಿ ಗುಟ್ಟು ಮಾತಾಡಲು ಯಾರೂ ಪಿಸುಗುಡುವುದಿಲ್ಲ, ಮಾಮೂಲಿ ದನಿ ಸಾಕು. ವರ್ಷಗಟ್ಟಲೆ ಅವರ ಎದುರೇ ಅವರ ಬಿಪಿ, ಅವರ ಹಟ, ಅವರ ಮರೆವು ಎಲ್ಲವನ್ನೂ ನಾವು ಹೀಗೇ ಚರ್ಚಿಸಿದ್ದೇವೆ. ಕೈಯಾರೆ ಕಿವಿ ಕೊಡಿಸಿದ ಮೇಲೂ ಬಾಯಿಗೆ ಹಳೆಯ ಅಭ್ಯಾಸ.

ಚಹಾ ಸುರಿಯುತ್ತಾ ಚಿಕ್ಕಮ್ಮ ಕೇಳಿದರು, "ಹೌದಾ, ಮೊನ್ನೆ ಭಾನುವಾರ ಇವರ ಅರ್ಥ ಹೇಗಾಯ್ತು? ಇವರು ಎಂತದೂ ಹೇಳುದಿಲ್ಲ."

ನಾನು ಹೇಳಿದೆ. ನನ್ನ ಡೈರಿಯ ಪ್ರಕಾರ ಹೇಳಿದ್ದು, "ಸ್ವಲ್ಪ ದಿನ ರೆಸ್ಟ್ ತಗೊಂಡ್ರೆ ಒಳ್ಳೇದು." ಚಿಕ್ಕಮ್ಮನ ಪ್ರಕಾರ, "ಇನ್ನು ಬಿಡುದೇ ಒಳ್ಳೇದು ಚಿಕ್ಕಮ್ಮ, ಜನ ನಗಾಡ್ತಾರೆ." ಎರಡರಲ್ಲಿ ಯಾವುದು? ಡೈರಿ ಬರೆದವಳು ನಾನೇ ಆದ್ದರಿಂದ ಚಿಕ್ಕಮ್ಮನ ಮೇಲೆ ನನಗೆ ಹೆಚ್ಚು ನಂಬಿಕೆ.

ತಟ್ಟೆ ಇಡಲು ಜಾಗ ಮಾಡುವಾಗ ಕೈಗೆ ಫೋನ್ ಸಿಕ್ಕಿತು. ಸೆಟ್ಟಿಂಗ್ ಇನ್ನೂ ಆನ್ ಇತ್ತು. ಒಳಗೆ ಇಣುಕಿದೆ. ಚಿಕ್ಕಪ್ಪ ಕಿಟಕಿಯತ್ತ ಮುಖ ಮಾಡಿ ಮಂಚದ ಮೇಲೆ ಕೂತಿದ್ದರು. ಎರಡೂ ಕಿವಿಯಲ್ಲಿ ಬಡ್ಸ್. ಪಕ್ಕದಲ್ಲಿ ಸಾನಿಕಾ, ಟ್ಯಾಬ್‌ನಲ್ಲಿ ಕಾರ್ಟೂನ್ ಓಡುತ್ತಿತ್ತು, ಅದರಿಂದ ಸದ್ದಿಲ್ಲ.

ಸದ್ದಿಲ್ಲ ಎಂದರೆ? ಟ್ಯಾಬ್ ಮ್ಯೂಟ್ ಆಗಿತ್ತೇ, ಇಲ್ಲ ಅದರ ಸದ್ದು ಚಿಕ್ಕಪ್ಪನ ಕಿವಿಗೆ ಹೋಗುತ್ತಿತ್ತೇ?

ಸಾನಿಕಾಳನ್ನು ಈಚೆಗೆ ಕರೆದು ಕೇಳಿದೆ. "ಪತಾ ನಹೀ ಆತ್ಯಾ," ಎಂದಳು. (ಅತ್ತೆ ಎನ್ನುವುದಕ್ಕೆ ಅವಳ ಮರಾಠಿ.) "ದೋನೋಂ ಸೇ ಪೇರ್ ಹೈ ನಾ. ಕಭೀ ಇಧರ್, ಕಭೀ ಉಧರ್." ಎರಡು ಕಡೆ ಜೋಡಿಯಾದ ಬಡ್ಸ್ ತನಗೆ ತೋಚಿದ ಕಡೆ ಹಾರುತ್ತದೆಯಂತೆ. ಅವತ್ತು ರಾತ್ರಿ ಮ್ಯಾನುಯಲ್ ಪೂರ್ತಿ ಓದಿದೆ. ಹೊಸದಾಗಿ ಜೋಡಿಸುವುದು ಹೇಗೆ, ಬಿಡಿಸುವುದು ಹೇಗೆ, ಮರೆಸುವುದು ಹೇಗೆ, ಎಲ್ಲ ಇದೆ. ಇಂಥ ಐದು ನಿಮಿಷ ಇದು ಯಾರ ಮಾತು ಕೇಳುತ್ತಿತ್ತು ಎಂದು ತಿಳಿಯುವ ದಾರಿ ಇಲ್ಲ.

ಮುಂದಿನ ಭಾನುವಾರ ಚಿಕ್ಕಪ್ಪ ತಾಳಮದ್ದಳೆಗೆ ಹೋಗಲಿಲ್ಲ. ಅದರ ಮುಂದಿನ ಭಾನುವಾರವೂ. "ಗಂಟುನೋವು" ಎಂದರಂತೆ. ಇರಬಹುದು. ಗಂಟುನೋವು ಅವರಿಗೆ ಮೊದಲಿನಿಂದ ಉಂಟು. ಆದರೆ ಅದೇ ಗಂಟಿನಲ್ಲಿ ದಿನಾ ಸಂಜೆ ನಾಲ್ಕು ಮಹಡಿ ಮೆಟ್ಟಿಲಿಳಿದು ಬಡ್ಸ್ ಹಾಕಿಕೊಂಡೇ ತರಕಾರಿ ತರುತ್ತಾರೆ.

ಮೊನ್ನೆ ಹೋಗಿದ್ದೆ. ಚಿಕ್ಕಮ್ಮ ಅಡುಗೆಮನೆಯಲ್ಲಿದ್ದರು. ಚಿಕ್ಕಪ್ಪನ ಫೋನನ್ನು ನಮ್ಮಿಬ್ಬರ ನಡುವೆ ಇಟ್ಟೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವರೊಡನೆ ಕಿರುಚದೆ ಮಾತಾಡಿದೆ. ಅವರು ನನ್ನನ್ನು ನೋಡಿದರು, ಫೋನನ್ನು ನೋಡಿದರು. ಒಂದೊಂದೇ ಬಡ್ಸ್ ತೆಗೆದು ಕೇಸಿಗೆ ಹಾಕಿ ಮುಚ್ಚಿದರು. ಅದಕ್ಕೆ ಮೊದಲು ನಾನು ಕೇಳಿದ್ದು ಇಷ್ಟೇ:

"ಚಿಕ್ಕಪ್ಪ, ಅವತ್ತು ನಿಮ್ಮ ಕಿವಿಗೆ ಬಂದದ್ದು ಸಾನಿಕಾಳ ಕಾರ್ಟೂನಾ, ನನ್ನ ಮಾತಾ?"