ಮುನವಳ್ಳಿಗೆ ಒಂದು ಪರೀಕ್ಷಾ ಸಂದೇಶ

"ತಂಗಿ, ನೀ ಹಾಕಿಕೊಟ್ಟ ಫಾರ್ವರ್ಡ್ ಕೆಟ್ಟೈತಿ ನೋಡವಾ. ತಿಂಗಳಾತು, ಒಂದೂ ಮೇಲ್ ಬಂದಿಲ್ಲ."

ಬೈಲಹೊಂಗಲದ ನಮ್ಮ ಕಾಲೇಜಿನ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತಿದ್ದವರು ಈಚೆಗೆ ನಿವೃತ್ತರಾದ ಆಫೀಸ್ ಸುಪರಿಂಟೆಂಡೆಂಟರು. ಕಾಲೇಜಿನ ವಿಳಾಸಕ್ಕೆ ಬರುವ ಅವರ ಮೇಲ್‌ಗಳೆಲ್ಲ ಅವರ ಸ್ವಂತ ವಿಳಾಸಕ್ಕೆ ಹೋಗುವಂತೆ ಸರ್ವರ್‌ನಲ್ಲಿ ನಿಯಮ ಹಾಕಿದವಳು ನಾನು. ಇಷ್ಟಕ್ಕಾಗಿ ತಮ್ಮೂರು ಮುನವಳ್ಳಿಯಿಂದ ಬಸ್ ಹಿಡಿದು ಬಂದಿದ್ದರು. ನನಗೆ ಸಿಟ್ಟೇ ಬಂತು. ಊಟದ ಡಬ್ಬಿಯನ್ನು ಅತ್ತ ಸರಿಸಿ ಪರಿಶೀಲಿಸಿದೆ. ನಿಯಮ ಸರಿಯಾಗಿಯೇ ಇತ್ತು. ಅವರ ಹೆಸರಿಗೆ ಯಾರೂ ಏನನ್ನೂ ಬರೆದಿರಲಿಲ್ಲ, ಅಷ್ಟೇ.

ಅದನ್ನು ಹೇಳುವ ಬದಲು ಅವರ ಕಾಲೇಜಿನ ವಿಳಾಸಕ್ಕೆ ಎರಡು ಸಾಲು ಕಳಿಸಿದೆ: "ಇದು ಪರೀಕ್ಷಾ ಸಂದೇಶ. ಉತ್ತರಿಸುವ ಅಗತ್ಯವಿಲ್ಲ." ಅವರ ಕಿಸೆಯಲ್ಲಿ ಫೋನು ಟಿಣ್ ಎಂದಿತು.

"ಬಂತ್ ನೋಡವಾ! ಈಗ ಚಾಲೂ ಆತು," ಎಂದು ಖುಷಿಯಿಂದ ಹೊರಟುಹೋದರು.

ಮರುದಿನ ಬೆಳಿಗ್ಗೆ ಅದಕ್ಕೆ ಉತ್ತರ ಬಂದಿತ್ತು, ಪಕ್ಕಾ ಆಫೀಸಿನ ಕನ್ನಡದಲ್ಲಿ: "ಮಾನ್ಯರೇ, ತಮ್ಮ ಪತ್ರ ತಲುಪಿರುತ್ತದೆ. ನಿನ್ನೆ ಮಧ್ಯಾಹ್ನ ಮೂರು ಗಂಟೆಯಾದರೂ ತಮ್ಮ ಊಟದ ಡಬ್ಬಿ ತೆರೆಯದೇ ಇದ್ದದ್ದು ಗಮನಕ್ಕೆ ಬಂದಿರುತ್ತದೆ. ಇನ್ನು ಮುಂದೆ ಹೊತ್ತಿಗೆ ಸರಿಯಾಗಿ ಊಟ ಮಾಡತಕ್ಕದ್ದು."

ಆ ಕೋಣೆಯಲ್ಲಿ ನಾಲ್ಕು ವರ್ಷದಿಂದ ನಾನು ಒಬ್ಬಳೇ ಉಣ್ಣುತ್ತೇನೆ. ನನಗೆ ಬರುವ ಮೇಲ್‌ಗಳೆಲ್ಲ ದೂರುಗಳೇ. ಮುಂದಿನ ಸೋಮವಾರ ಅವರಿಗೆ ಇನ್ನೊಂದು ಪರೀಕ್ಷಾ ಸಂದೇಶ ಕಳಿಸಿದೆ. ಉತ್ತರಿಸುವ ಅಗತ್ಯವಿಲ್ಲ ಎಂಬ ಸಾಲನ್ನು ಮಾತ್ರ ಬರೆಯಲಿಲ್ಲ.